ಕೊಕ್ಕರೆಗಳ ಊರಿನ ಸಿಹಿ ವೈನು

ಆಸ್ಟ್ರಿಯಾ ಅಂದಕೂಡಲೆ ನಿಮ್ಮ ಕಣ್ಣಮುಂದೆ ಏನು ಬರುತ್ತದೆ? ಹಿಮ ಹೊದ್ದ ಬೆಟ್ಟಗಳು, ವಿಯೆನ್ನಾದ ಅರಮನೆಗಳು, ಮೊಜಾರ್ಟನ ಸಂಗೀತ. ಇಷ್ಟೇ ತಾನೆ? ನನಗೂ ಹಾಗೆಯೇ ಇತ್ತು. ಆದರೆ ಆ ದೇಶದ ಪೂರ್ವದ ಅಂಚಿಗೆ ಹೋದರೆ ಬೆಟ್ಟವೂ ಇಲ್ಲ, ಹಿಮನದಿಯೂ ಇಲ್ಲ. ನಮ್ಮ ಬಯಲುಸೀಮೆಯ ಹಾಗೆ ಕಣ್ಣು ಹಾಯಿಸಿದಷ್ಟು ದೂರ ಚಪ್ಪಟೆ ನೆಲ. ಅದರ ನಡುವೆ ಒಂದು ಆಳವಿಲ್ಲದ ಕೆರೆ. ಕೆರೆಯ ಸುತ್ತ ಆಳೆತ್ತರದ ಜೊಂಡು, ಜೊಂಡಿನಾಚೆ ದ್ರಾಕ್ಷಿ ತೋಟ, ತೋಟದ ನಡುವೆ ಪುಟ್ಟ ಪುಟ್ಟ ಊರುಗಳು. ಈ ಸೀಮೆಯ ಹೆಸರು ಬುರ್ಗೆನ್‌ಲಾಂಡ್. 1921ರವರೆಗೆ ಇದು ಹಂಗೇರಿಗೆ ಸೇರಿತ್ತು. ಈಗಲೂ ಗಡಿ ಕೂಗಳತೆಯಲ್ಲೇ ಇದೆ.

ಈ ಸೀಮೆಯ ಹೆಸರುವಾಸಿ ಪದಾರ್ಥ ಯಾವುದು ಗೊತ್ತೇ? ಬೂಷ್ಟು ಹಿಡಿದ ದ್ರಾಕ್ಷಿಯಿಂದ ಮಾಡಿದ ಸಿಹಿ ವೈನು! ಮುಖ ಸಿಂಡರಿಸಬೇಡಿ. ದ್ರಾಕ್ಷಿಗೆ ಬೂಷ್ಟು ಬಂದರೆ ನಾವು ಪೊಟ್ಟಣ ಸಮೇತ ತಿಪ್ಪೆಗೆ ಎಸೆಯುತ್ತೇವೆ. ಇಲ್ಲಿಯವರು ಅದೇ ಬೂಷ್ಟಿಗಾಗಿ ಅಕ್ಟೋಬರ್ ತಿಂಗಳೆಲ್ಲ ಆಕಾಶ ನೋಡಿಕೊಂಡು ಕಾಯುತ್ತಾರೆ. ಅದು ಬಂದರೆ ಹಬ್ಬ, ಬರದಿದ್ದರೆ ಚಿಂತೆ.

ನನ್ನ ತಂಗಿಯ ಮಗಳು ವಿಯೆನ್ನಾದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ, "ದೊಡ್ಡಮ್ಮ, ಅರಮನೆ ನೋಡಿದ್ದು ಸಾಕು, ನಿಮಗೆ ಒಂದು ಹಳ್ಳಿ ತೋರಿಸ್ತೀನಿ ಬನ್ನಿ" ಅಂತ ಕರೆದುಕೊಂಡು ಹೊರಟಳು. ವಿಯೆನ್ನಾದಿಂದ ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರ್. ದಾರಿಯಲ್ಲಿ ಐಸೆನ್‌ಸ್ಟಾಟ್ ಎಂಬ ಪಟ್ಟಣ ಸಿಗುತ್ತದೆ. ಸಂಗೀತಗಾರ ಹೈಡನ್ ಎಸ್ಟರ್‌ಹಾಜಿ ಎಂಬ ರಾಜಮನೆತನದ ಆಶ್ರಯದಲ್ಲಿ ಬಹಳ ವರ್ಷ ಇದ್ದದ್ದು ಇಲ್ಲೇ. ಅವನ ಸಮಾಧಿಯೂ ಇಲ್ಲೇ ಇದೆ. ಅಲ್ಲಿಂದ ಇನ್ನೊಂದು ಹದಿನೈದು ಕಿಲೋಮೀಟರ್ ಹೋದರೆ ರುಸ್ಟ್.

ವೈನು ಕೊಟ್ಟು ಕೊಂಡ ಸ್ವಾತಂತ್ರ್ಯ

ರುಸ್ಟ್ ಎಂಬುದು ಹೆಸರಿಗೆ ನಗರ. ಜನಸಂಖ್ಯೆ ಎರಡು ಸಾವಿರದ ಆಸುಪಾಸು! ನಮ್ಮ ಕಡೆ ಒಂದು ಹೋಬಳಿ ಊರಿನಲ್ಲೂ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ. ಆದರೂ ತನ್ನದೇ ಸನ್ನದಿರುವ ನಗರ, ಆಸ್ಟ್ರಿಯಾದ ಇಂಥ ನಗರಗಳಲ್ಲೆಲ್ಲ ಅತಿ ಚಿಕ್ಕದು. ಈ ಪಟ್ಟ ಅದಕ್ಕೆ ಹೇಗೆ ಬಂತು ಎಂಬ ಕತೆ ಚೆನ್ನಾಗಿದೆ. 1681ರಲ್ಲಿ ಊರಿನವರೆಲ್ಲ ಸೇರಿ ಚಕ್ರವರ್ತಿ ಮೊದಲನೆಯ ಲಿಯೋಪೋಲ್ಡನಿಗೆ 60,000 ಚಿನ್ನದ ನಾಣ್ಯ ಕೊಟ್ಟರು. ಅದರ ಜೊತೆಗೆ 500 ಕೊಳಗ ಸಿಹಿ ವೈನು. ಈಗಿನ ಲೆಕ್ಕದಲ್ಲಿ ಅದು ಸುಮಾರು 30,000 ಲೀಟರ್ ಆಗುತ್ತದೆ. ಅಷ್ಟು ಕೊಟ್ಟು, ಯಾವ ಜಮೀನ್ದಾರನ ಕೈಕೆಳಗೂ ಇರದೆ ನೇರವಾಗಿ ದೊರೆಗೆ ಮಾತ್ರ ನಡೆದುಕೊಳ್ಳುವ ಹಕ್ಕು ಪಡೆದರು. ಒಂದು ಊರು ತನ್ನ ಸ್ವಾತಂತ್ರ್ಯವನ್ನು ದ್ರಾಕ್ಷಿಯಿಂದ ಕೊಂಡುಕೊಂಡಿತು ಅಂದರೆ ಆ ದ್ರಾಕ್ಷಿಗೆ ಅವರು ಕೊಡುವ ಬೆಲೆ ನಿಮಗೆ ಅರ್ಥವಾಗಬಹುದು.

ಊರು ನೋಡಲು ಬೊಂಬೆಮನೆ ಜೋಡಿಸಿಟ್ಟಂತಿದೆ. ತಿಳಿಹಳದಿ, ತಿಳಿಗುಲಾಬಿ ಬಣ್ಣದ ಹಳೆಯ ಮನೆಗಳು, ಲಾರಿಯಷ್ಟು ಅಗಲದ ಮರದ ಹೆಬ್ಬಾಗಿಲು, ಒಳಗೆ ಉದ್ದನೆಯ ಅಂಗಳ, ಅಂಗಳದ ಕೆಳಗೆ ನೆಲಮಾಳಿಗೆ. ಹಲವು ಮನೆಗಳ ಹೊಗೆಗೂಡಿನ ಮೇಲೆ ಕಡ್ಡಿಕಸದ ದೊಡ್ಡ ದೊಡ್ಡ ಗೂಡುಗಳು. ಅವು ಬಿಳಿ ಕೊಕ್ಕರೆಗಳವು. ಮಾರ್ಚ್ ಕೊನೆಯ ಹೊತ್ತಿಗೆ ಆಫ್ರಿಕದಿಂದ ಬಂದು, ಮರಿಮಾಡಿ, ಆಗಸ್ಟ್ ಮುಗಿಯುವಷ್ಟರಲ್ಲಿ ಮರಳಿ ಹೋಗುತ್ತವೆ. ನಾನು ಹೋದದ್ದು ಅಕ್ಟೋಬರಿನಲ್ಲಿ, ಆದ್ದರಿಂದ ಗೂಡುಗಳೆಲ್ಲ ಖಾಲಿ. ಹೊಗೆ ತಾಗದಿರಲಿ ಅಂತ ಗೂಡಿಗೆ ಕಬ್ಬಿಣದ ಅಡ್ಡೆ ಮಾಡಿಕೊಟ್ಟಿದ್ದಾರೆ. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಜನ ಹಿತ್ತಲ ಹುಣಸೆಮರದ ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಳ್ಳುತ್ತಾರಲ್ಲ, ಹಾಗೆಯೇ ಇಲ್ಲಿಯೂ.

ಕೆರೆ, ಮಂಜು ಮತ್ತು ಬೂಷ್ಟು

ಕೆರೆಯ ಹೆಸರು ನೊಯ್‌ಸೀಡ್ಲರ್ ಸೇ. ಉದ್ದ ಸುಮಾರು 36 ಕಿಲೋಮೀಟರ್. ಆದರೆ ಆಳ? ಎಲ್ಲೂ ಎರಡು ಮೀಟರ್ ಮುಟ್ಟುವುದಿಲ್ಲ. ಎತ್ತರದ ಆಳು ನಡೆದುಕೊಂಡೇ ದಾಟಬಹುದು ಅನ್ನುತ್ತಾರೆ. ಕೆರೆಯ ಸುಮಾರು ಅರ್ಧಭಾಗ ಬರೀ ಜೊಂಡು. ತೆಂಕಣ ತುದಿ ಹಂಗೇರಿಗೆ ಸೇರಿದೆ. 2001ರಲ್ಲಿ ಯುನೆಸ್ಕೋದವರು ಈ ಇಡೀ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು.

ಈಗ ಬೂಷ್ಟಿನ ವಿಷಯಕ್ಕೆ ಬರೋಣ. ಆಳವಿಲ್ಲದ ನೀರು ಬೇಸಗೆಯೆಲ್ಲ ಚೆನ್ನಾಗಿ ಕಾದಿರುತ್ತದೆ. ಅಕ್ಟೋಬರಿನ ರಾತ್ರಿ ತಣ್ಣಗಾದಾಗ ಆ ಬೆಚ್ಚನೆಯ ನೀರಿನ ಮೇಲೆ ಮಂಜು ಏಳುತ್ತದೆ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದರೆ ಹಬೆ ಏಳುವುದಿಲ್ಲವೇ, ಹಾಗೆ. ಬೆಳಿಗ್ಗೆ ಹತ್ತು ಗಂಟೆಯವರೆಗೆ ತೋಟವೆಲ್ಲ ಬಿಳಿ ಮಂಜಿನಲ್ಲಿ ಮುಳುಗಿರುತ್ತದೆ. ಆ ತೇವದಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ದ್ರಾಕ್ಷಿಯ ಸಿಪ್ಪೆಯ ಮೇಲೆ ಕೂತು, ಸೂಜಿಮೊನೆಗಿಂತ ಸಣ್ಣ ತೂತುಗಳನ್ನು ಮಾಡುತ್ತದೆ. ಮಧ್ಯಾಹ್ನ ಬಿಸಿಲು ಬಂದು ಗಾಳಿ ಬೀಸಿದಾಗ ಆ ತೂತುಗಳಿಂದ ಹಣ್ಣಿನ ನೀರು ಆವಿಯಾಗಿ ಹೋಗುತ್ತದೆ. ಸಕ್ಕರೆ, ಹುಳಿ, ಸುವಾಸನೆ ಒಳಗೇ ಉಳಿದು ಗಟ್ಟಿಯಾಗುತ್ತವೆ. ಹಾಲನ್ನು ಕಾಯಿಸಿ ಕಾಯಿಸಿ ಖೋವ ಮಾಡುತ್ತೇವಲ್ಲ? ಇಲ್ಲಿ ಒಲೆಯಿಲ್ಲದೆ, ಬಳ್ಳಿಯ ಮೇಲೆಯೇ ದ್ರಾಕ್ಷಿಯ ಖೋವ ಆಗುತ್ತದೆ!

ಆದರೆ ಇದರಲ್ಲೊಂದು ಜೂಜಿದೆ. ಮಂಜೂ ಬೇಕು, ಬಿಸಿಲೂ ಬೇಕು. ಬಿಸಿಲು ಬಾರದೆ ಮಳೆ ಹಿಡಿಯಿತೋ, ಅದೇ ಬೂಷ್ಟು ಹಣ್ಣನ್ನು ಕೊಳೆಸಿ ಹಾಳುಮಾಡುತ್ತದೆ. ಒಳ್ಳೆಯದಾದಾಗ ಅದನ್ನು "ಕುಲೀನ ಕೊಳೆತ" ಎನ್ನುತ್ತಾರೆ, ಕೆಟ್ಟಾಗ "ಬೂದು ಕೊಳೆತ". ಎರಡಕ್ಕೂ ತಾಯಿ ಒಂದೇ!

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಓದಿ ಮನೆಯಲ್ಲಿ ಬೂಷ್ಟು ಬಂದ ದ್ರಾಕ್ಷಿಯನ್ನು ಯಾರೂ ಉಳಿಸಿಕೊಳ್ಳಬೇಡಿ. ಅಂಗಡಿಯ ಹಣ್ಣಿಗೆ ಬರುವ ಬೂಷ್ಟು ಬೇರೆ ಬೇರೆ ಜಾತಿಯದು, ಕೆಲವು ವಿಷಕಾರಿ. ಅದರ ಜಾಗ ಕಸದ ಬುಟ್ಟಿಯೇ.

ಒಂದೊಂದೇ ಕಾಳು ಆರಿಸುವ ಕೆಲಸ

ಬೂಷ್ಟು ಗೊಂಚಲಿಗೆಲ್ಲ ಒಂದೇ ದಿನ ಹಿಡಿಯುವುದಿಲ್ಲ. ಇವತ್ತು ನಾಲ್ಕು ಕಾಳು, ನಾಳೆ ಹತ್ತು ಕಾಳು. ಆದ್ದರಿಂದ ಕುಯ್ಲಿನವರು ಒಂದೇ ಸಾಲಿಗೆ ಮೂರು ನಾಲ್ಕು ಸಲ ಹೋಗಬೇಕು. ಚಳಿಯಲ್ಲಿ ಬೆರಳು ಸೆಟೆದುಕೊಂಡಿರುವಾಗ, ನಾವು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಸುಕ್ಕಾದ ಕಾಳನ್ನು ಮಾತ್ರ ಆರಿಸಿ ಬುಟ್ಟಿಗೆ ಹಾಕಬೇಕು. ನಾನು ತೋಟದಲ್ಲಿ ನಿಂತು ನೋಡಿದೆ. ತಲೆಗೆ ವಸ್ತ್ರ ಕಟ್ಟಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಗೊಂಚಲನ್ನು ಅಂಗೈಯಲ್ಲಿ ತಿರುಗಿಸಿ, ಎರಡು ಕಾಳು ಕಿತ್ತು, ಉಳಿದದ್ದನ್ನು ಹಾಗೇ ಬಿಟ್ಟು ಮುಂದೆ ಹೋದಳು. ಅರ್ಧ ಗಂಟೆಯಲ್ಲಿ ಅವಳ ಬುಟ್ಟಿಯ ತಳವೂ ಮುಚ್ಚಿರಲಿಲ್ಲ. ಆ ಕಾಳುಗಳೋ, ನೋಡಲು ಒಣದ್ರಾಕ್ಷಿಗೆ ಬೂದಿ ಬಳಿದಂತೆ. ಒಂದನ್ನು ಬಾಯಿಗೆ ಹಾಕಿಕೊಳ್ಳಿ ಅಂತ ಕೊಟ್ಟರು. ಕಣ್ಣುಮುಚ್ಚಿ ಹಾಕಿಕೊಂಡೆ. ಜೇನುತುಪ್ಪ! ಅದರ ಹಿಂದೆಯೇ ಒಂದು ಚೂಪಾದ ಹುಳಿ.

ಮಾಮೂಲಿ ವೈನಿಗಾದರೆ ಒಂದು ಬಳ್ಳಿಯಿಂದ ಒಂದು ಶೀಷೆಯಷ್ಟು ಸಿಗಬಹುದಂತೆ. ಈ ಸಿಹಿ ವೈನಿಗೆ ಒಂದು ಬಳ್ಳಿಯಿಂದ ಒಂದು ಸಣ್ಣ ಲೋಟ ಸಿಕ್ಕರೆ ಪುಣ್ಯ. ಅದಕ್ಕೇ ಅದನ್ನು 375 ಮಿಲಿಲೀಟರಿನ ಅರ್ಧ ಶೀಷೆಗಳಲ್ಲಿ ಮಾರುತ್ತಾರೆ. ಬೆಲೆಯೂ ಅದಕ್ಕೆ ತಕ್ಕಂತೆ.

ಈ ಕೆಲಸ ಇಲ್ಲಿ ಎಷ್ಟು ಹಳೆಯದು ಅಂದರೆ, ಹತ್ತಿರದ ಡೊನ್ನರ್ಸ್‌ಕಿರ್ಖೆನ್ ಎಂಬ ಹಳ್ಳಿಯಲ್ಲಿ 1526ರಲ್ಲೇ ಒಣಗಿದ ಕಾಳುಗಳಿಂದ ವೈನು ಮಾಡಿದ್ದರೆಂದು ಹೇಳುತ್ತಾರೆ. ಆ ಪೀಪಾಯಿಯ ವೈನನ್ನು ಮುನ್ನೂರಕ್ಕೂ ಹೆಚ್ಚು ವರ್ಷ ಕಾಪಾಡಿಕೊಂಡು ಬಂದರಂತೆ. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಉಪ್ಪಿನಕಾಯಿ ಭರಣಿಯಿದ್ದರೆ ನಾವು ಹೆಮ್ಮೆಪಡುತ್ತೇವೆ!

ಸಿಹಿಗೆ ಮೆಟ್ಟಿಲುಗಳು

ನಾವು ಪಾಕವನ್ನು ಎಳೆಯಿಂದ ಅಳೆಯುತ್ತೇವೆ. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ. ಇವರಿಗೂ ಅಂಥದೇ ಒಂದು ಅಳತೆಗೋಲಿದೆ. ವಿಯೆನ್ನಾದ ಪಕ್ಕದ ಕ್ಲೋಸ್ಟರ್‌ನೊಯ್‌ಬುರ್ಗ್‌ನ ವೈನ್ ಶಾಲೆಯಲ್ಲಿ ಬಾಬೋ ಎಂಬುವರು 1861ರಲ್ಲಿ ರೂಪಿಸಿದ್ದು. ಹಿಂಡಿದ ರಸದ ತೂಕದಲ್ಲಿ ನೂರಕ್ಕೆ ಎಷ್ಟು ಪಾಲು ಸಕ್ಕರೆ ಎಂದು ಅದು ಹೇಳುತ್ತದೆ. 19 ಡಿಗ್ರಿ ಇದ್ದರೆ ಸ್ಪೇಟ್‌ಲೇಸೆ, ಅಂದರೆ ತಡವಾಗಿ ಕುಯ್ದದ್ದು. 21 ಇದ್ದರೆ ಆಸ್‌ಲೇಸೆ, ಆರಿಸಿದ ಗೊಂಚಲು. 25 ಇದ್ದರೆ ಬೇರೆನ್‌ಆಸ್‌ಲೇಸೆ, ಆರಿಸಿದ ಕಾಳು. ಎಲ್ಲಕ್ಕೂ ಮೇಲಿನದು ಟ್ರೋಕೆನ್‌ಬೇರೆನ್‌ಆಸ್‌ಲೇಸೆ, ಒಣಗಿದ ಕಾಳನ್ನು ಆರಿಸಿದ್ದು. ಅದಕ್ಕೆ 30 ಡಿಗ್ರಿ ಬೇಕು. ಹೆಸರು ಹೇಳುವಷ್ಟರಲ್ಲಿ ನಾಲಿಗೆ ಹೊರಳದೆ ನಾನು ಅದಕ್ಕೆ "ರೈಲುಗಾಡಿ ವೈನು" ಅಂತ ಹೆಸರಿಟ್ಟೆ. ರುಸ್ಟಿನವರು ತಮ್ಮ ಊರಿನದಕ್ಕೆ ಮಾತ್ರ ಆಸ್‌ಬ್ರುಖ್ ಎಂದು ಹಳೆಯ ಹೆಸರೇ ಉಳಿಸಿಕೊಂಡಿದ್ದಾರೆ. ಕಾಳನ್ನು ಗೊಂಚಲಿನಿಂದ ಬಿಡಿಸಿ ತೆಗೆಯುವುದು ಎಂಬ ಅರ್ಥ ಅದಕ್ಕೆ.

ಬೂಷ್ಟಿಲ್ಲದೆಯೂ ಸಿಹಿ ಮಾಡುವ ಎರಡು ಉಪಾಯಗಳಿವೆ. ಒಂದು, ಹಣ್ಣನ್ನು ಚಳಿಗಾಲದವರೆಗೆ ಬಳ್ಳಿಯಲ್ಲೇ ಬಿಟ್ಟು, ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ, ಕಲ್ಲಿನಂತೆ ಹೆಪ್ಪುಗಟ್ಟಿದಾಗ ಕುಯ್ದು ಹಿಂಡುವುದು. ನೀರು ಮಂಜುಗಡ್ಡೆಯಾಗಿ ಉಳಿಯುತ್ತದೆ, ಸಿಹಿರಸ ಮಾತ್ರ ಇಳಿಯುತ್ತದೆ. ಇದು ಐಸ್‌ವೈನ್. ಇನ್ನೊಂದು, ಕುಯ್ದ ಗೊಂಚಲನ್ನು ಕೆರೆಯ ಜೊಂಡಿನ ಚಾಪೆಯ ಮೇಲೆ ತಿಂಗಳುಗಟ್ಟಲೆ ಹರಡಿ ಒಣಗಿಸಿ ಆಮೇಲೆ ಹಿಂಡುವುದು. ಇದು ಜೊಂಡಿನ ವೈನು. ಒಣದ್ರಾಕ್ಷಿ ಮಾಡುವ ನಮ್ಮ ವಿಜಯಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಸಕ್ಕರೆಯೆಲ್ಲ ಹುದುಗು ಬಂದು ಮದ್ಯವಾಗಿಬಿಡುವುದಿಲ್ಲವೇ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಸಕ್ಕರೆ ಬಹಳ ಹೆಚ್ಚಾದಾಗ ಹುದುಗಿಗೆ ಸಾಕೋ ಸಾಕಾಗಿ, ಅರ್ಧದಲ್ಲೇ ಕೆಲಸ ನಿಲ್ಲಿಸುತ್ತದಂತೆ. ಸರಿಯಾಗಿ ಸಕ್ಕರೆ ಹಾಕಿದ ಜಾಮು ಹುಳಿಯದೆ ಇರುವುದೂ ಇದೇ ಕಾರಣಕ್ಕೆ ತಾನೆ?

ರುಚಿ ನೋಡಿದ್ದು

ನಾವು ಹೋದ ಮನೆಯಲ್ಲಿ ಮನೆಯೊಡತಿಯೇ ರುಚಿ ತೋರಿಸಲು ಕೂತರು. ಮೇಜಿನ ಮೇಲೆ ಪುಟ್ಟ ಪುಟ್ಟ ಗಾಜಿನ ಲೋಟ, ಒಂದು ತಟ್ಟೆ ರೊಟ್ಟಿ, ನೀರಿನ ಹೂಜಿ, ಪಕ್ಕದಲ್ಲೊಂದು ಮಣ್ಣಿನ ಕುಡಿಕೆ. "ಈ ಕುಡಿಕೆ ಯಾಕೆ?" ಅಂದೆ. "ಉಗುಳೋದಕ್ಕೆ ದೊಡ್ಡಮ್ಮ, ನುಂಗಲೇಬೇಕು ಅಂತಿಲ್ಲ. ರುಚಿ ಹೇಳೋ ಪಂಡಿತರೆಲ್ಲ ಉಗುಳ್ತಾರೆ" ಅಂದಳು ನಮ್ಮ ಹುಡುಗಿ. ನನಗೆ ಎಷ್ಟೋ ಸಮಾಧಾನವಾಯಿತು.

ಸೋದರಿಯರೇ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಮ್ಮದು ಕುಡಿತದ ಹೆಸರೆತ್ತದ ಮನೆ. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಬೀದಿಯಲ್ಲೇ ನೋಡಿಕೊಂಡು ಬೆಳೆದವಳು ನಾನು. ಸಂಬಳದ ದಿನ ಮಕ್ಕಳನ್ನು ಕಟ್ಟಿಕೊಂಡು ಸಾರಾಯಿ ಅಂಗಡಿಯ ಮುಂದೆ ಕಾಯುತ್ತ ನಿಲ್ಲುತ್ತಿದ್ದ ಹೆಂಗಸರ ಮುಖ ಇನ್ನೂ ಕಣ್ಣಮುಂದಿದೆ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ನಾನೂ ದೇವರಿಗೆ ಕೈಮುಗಿದೆ. ಅಂಥವಳು ಲೋಟ ಕೈಗೆತ್ತಿಕೊಳ್ಳಬೇಕೇ ಬೇಡವೇ ಅಂತ ಒಂದು ಗಳಿಗೆ ಕೈ ತಡೆಯಿತು. ಆಮೇಲೆ, ತೋಟದಲ್ಲಿ ಒಂದೊಂದೇ ಕಾಳು ಆರಿಸುತ್ತಿದ್ದ ಆ ಹೆಂಗಸಿನ ಬೆರಳುಗಳು ನೆನಪಾದವು. ಇದೇನೆಂದು ತಿಳಿಯದೆ ಎದ್ದು ಹೋಗಲು ಮನಸ್ಸು ಬರಲಿಲ್ಲ. ಚಮಚೆಯಷ್ಟು ಬಾಯಿಗೆ ಬಿಟ್ಟುಕೊಂಡು, ನಾಲಿಗೆಯ ಮೇಲೆ ಆಡಿಸಿ, ಕುಡಿಕೆಗೆ ಹಾಕುವುದು ಎಂದು ತೀರ್ಮಾನಿಸಿದೆ.

ಮೊದಲು ಬಂದದ್ದು ಸ್ಪೇಟ್‌ಲೇಸೆ. ತಿಳಿ ಬಣ್ಣ, ಮಾಗಿದ ಸೇಬಿನ ವಾಸನೆ, ಸಿಹಿ ಮಿತವಾಗಿತ್ತು. ಎರಡನೆಯದು ಟ್ರಮಿನರ್ ಎಂಬ ದ್ರಾಕ್ಷಿಯ ಬೇರೆನ್‌ಆಸ್‌ಲೇಸೆ. ಲೋಟ ಮೂಗಿನ ಹತ್ತಿರ ತಂದರೆ ಗುಲ್ಕನ್ ಭರಣಿಯ ಮುಚ್ಚಳ ತೆಗೆದಂತೆ ಗುಲಾಬಿಯ ಘಮ! ಮೂರನೆಯದು ಜೊಂಡಿನ ವೈನು. ಒಣದ್ರಾಕ್ಷಿ ನೆನೆಸಿದ ನೀರಿಗೆ ಜೇನು ಬೆರೆಸಿದ ಹಾಗೆ. ನಾಲ್ಕನೆಯದು ಐಸ್‌ವೈನ್. ಚಕ್ಕೋತದ ತೊಳೆ ಬಿಡಿಸುವಾಗ ಮುಖಕ್ಕೆ ಚಿಮ್ಮುತ್ತದಲ್ಲ, ಅಂಥ ಚುರುಕು ಹುಳಿ. ಬೂಷ್ಟಿಲ್ಲದ ವೈನಾದ್ದರಿಂದ ಹಣ್ಣಿನ ರುಚಿ ನೇರವಾಗಿ ಬರುತ್ತದೆ.

ಐದನೆಯದು ರುಸ್ಟಿನ ಆಸ್‌ಬ್ರುಖ್. ಫುರ್ಮಿಂಟ್ ಎಂಬ ಹಳೆಯ ದ್ರಾಕ್ಷಿಯದು, ಗಡಿಯಾಚೆ ಹಂಗೇರಿಯ ಟೋಕೈ ಸೀಮೆಯಲ್ಲೂ ಇದೇ ಹೆಸರುವಾಸಿ. ಹೊಂಬಣ್ಣ. ಬಾಯಿಗಿಟ್ಟರೆ ಒಣಗಿದ ಜರ್ದಾಳು, ಕಿತ್ತಳೆ ಸಿಪ್ಪೆಯ ಮುರಬ್ಬ, ಎಲ್ಲೋ ಒಂದೆಳೆ ಕೇಸರಿ. ಕಡೆಯದು ರೈಲುಗಾಡಿ ವೈನು, ಹತ್ತಾರು ವರ್ಷ ಹಳೆಯದು. ಲೋಟ ವಾರೆ ಮಾಡಿದರೆ ಜೋನಿ ಬೆಲ್ಲದ ಹಾಗೆ ನಿಧಾನವಾಗಿ ಜಾರಿತು. ಬಣ್ಣ ಹದವಾಗಿ ಕಾಸಿದ ಬೆಲ್ಲದ ಪಾಕದ್ದು.

ಇಷ್ಟು ಸಿಹಿಯಾದರೂ ಬಾಯಿ ಕಟ್ಟಲಿಲ್ಲ. ಇದು ನನಗೆ ಬಹಳ ಆಶ್ಚರ್ಯವಾದ ಸಂಗತಿ. ಇಂಥ ವೈನಿನ ಒಂದು ಲೀಟರಿನಲ್ಲಿ 200 ಗ್ರಾಂ ಸಕ್ಕರೆ ಇರುವುದೂ ಉಂಟು, ಅಂದರೆ ಕೋಲಾದಂಥ ಪಾನೀಯದ ಸುಮಾರು ಎರಡರಷ್ಟು! ಮನೆಯೊಡತಿಯನ್ನು ಕೇಳಿದರೆ ಒಂದೇ ಮಾತು: "ಹುಳಿ". ಬೂಷ್ಟು ನೀರನ್ನು ಹೀರಿದಾಗ ಸಕ್ಕರೆಯ ಜೊತೆಗೆ ಹುಳಿಯೂ ಗಟ್ಟಿಯಾಗುತ್ತದೆ. ಹುಳಿಯಿಲ್ಲದ ಸಿಹಿ ಬರೀ ಪಾಕ, ಹುಳಿಯಿದ್ದರೆ ಅದಕ್ಕೆ ಬೆನ್ನುಮೂಳೆ ಬರುತ್ತದೆ ಎಂದರು. ಹುಣಸೆಹಣ್ಣು ಬೆಲ್ಲ ಹದವಾಗಿ ಬೆರೆಸಿ ಗೊಜ್ಜು ಮಾಡುವ ನಮಗೆ ಈ ಪಾಠ ಹೊಸದೇನಲ್ಲ ಬಿಡಿ!

ಕಡೆಯ ಲೋಟದ್ದನ್ನು ಉಗುಳಿದೆನೋ ನುಂಗಿದೆನೋ ಅಂತ ನೀವು ಕೇಳುತ್ತೀರಿ, ಗೊತ್ತು. ಒಂದು ತೊಟ್ಟು ನುಂಗಿದೆ. ಮನೆಗೆ ಬಂದು ಯಜಮಾನರಿಗೂ ಹೇಳಿದೆ. ಆದರೆ ನೀವೂ ನುಂಗಿ ಅಂತ ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಸಿಹಿಯಾದ್ದರಿಂದ ಇದು ಶರಬತ್ತು ಅಂತ ಯಾರೂ ಮೋಸಹೋಗಬಾರದು. ಇದರಲ್ಲೂ ಮದ್ಯ ನೂರಕ್ಕೆ ಹತ್ತು ಹನ್ನೆರಡರಷ್ಟು ಇರುತ್ತದೆ. ಮದ್ಯದಲ್ಲಿ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸಕ್ಕರೆ ಕಾಯಿಲೆಯವರು, ಬಸುರಿಯರು ಹತ್ತಿರ ಸುಳಿಯಲೇಬಾರದು.

ಊರಿನ ಮಾನ ಹೋದ ವರ್ಷ

ಇಷ್ಟೆಲ್ಲ ಹೆಮ್ಮೆಯಿಂದ ಮಾತಾಡಿದ ಆ ಮನೆಯೊಡತಿ ಒಂದು ವರ್ಷದ ಹೆಸರು ಬಂದಾಗ ಮಾತ್ರ ದನಿ ತಗ್ಗಿಸಿದರು. 1985.

ಆ ಕಾಲದಲ್ಲಿ ಜರ್ಮನಿಯ ಅಂಗಡಿಗಳಿಗೆ ಸಿಹಿ ವೈನು ಅಗ್ಗದ ಬೆಲೆಗೆ ರಾಶಿರಾಶಿ ಬೇಕಾಗಿತ್ತು. ಬೂಷ್ಟು ಕೇಳಿದಾಗೆಲ್ಲ ಬರುತ್ತದೆಯೇ? ಕೆಲವು ವ್ಯಾಪಾರಿಗಳು ಅಡ್ಡದಾರಿ ಹಿಡಿದರು. ನೀರಾದ ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿದರು. ರುಚಿಗೆ ಸಿಹಿ, ನಾಲಿಗೆಗೆ ಮಂದ, ಸಕ್ಕರೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ಅದು ಮೂತ್ರಪಿಂಡವನ್ನು ಕೆಡಿಸುವ ವಿಷ. 1985ರ ಜುಲೈಯಲ್ಲಿ ಜರ್ಮನಿಯಲ್ಲಿ ಗುಟ್ಟು ಬಯಲಾಯಿತು. ಪುಣ್ಯಕ್ಕೆ ಇದರಿಂದ ಯಾರೂ ಸತ್ತ ವರದಿಯಾಗಲಿಲ್ಲ. ಆದರೆ ಆಸ್ಟ್ರಿಯಾದ ವೈನಿನ ರಫ್ತು ಹತ್ತರಲ್ಲೊಂದು ಪಾಲಿಗೆ ಬಿದ್ದುಹೋಯಿತು. ತಪ್ಪು ಮಾಡಿದವರು ಕೆಲವರು, ಜೈಲಿಗೂ ಹೋದರು. ಏನೂ ಬೆರೆಸದೆ ತಲೆತಲಾಂತರದಿಂದ ಕಾಳು ಆರಿಸಿಕೊಂಡು ಬಂದವರ ಶೀಷೆಯನ್ನೂ ಯಾರೂ ಮುಟ್ಟಲಿಲ್ಲ. "ಊರ ಹೆಸರು ಹೇಳೋದಕ್ಕೆ ನಾಚಿಕೆ ಆಗ್ತಿತ್ತು" ಎಂದರು ಆಕೆ.

ಈ ವಿಷದ ಹೆಸರನ್ನು ತಾಯಂದಿರಾದ ನಾವೂ ನೆನಪಿಡಬೇಕು. 1986ರಲ್ಲಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಇದೇ ಪದಾರ್ಥ ಬೆರೆತ ಗ್ಲಿಸರಿನ್ ಕೊಟ್ಟು 14 ಮಂದಿ ರೋಗಿಗಳು ಸತ್ತರು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ಮಕ್ಕಳ ಸಾವುಗಳಾದ ಮೇಲೆ, ನಮ್ಮ ದೇಶದಲ್ಲಿ ತಯಾರಾದ ಕೆಮ್ಮಿನ ಸಿರಪ್ಪುಗಳನ್ನು ಪರೀಕ್ಷಿಸಿದಾಗಲೂ ಇದೇ ಪದಾರ್ಥ ಕಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಲಾಭಕ್ಕಾಗಿ ಬೆರಕೆ ಮಾಡುವವರಿಗೆ ದೇಶಭಾಷೆಗಳ ಭೇದವಿಲ್ಲ.

ಆಸ್ಟ್ರಿಯಾದವರು ಏನು ಮಾಡಿದರು? ಅದೇ 1985ರಲ್ಲಿ ಬಹಳ ಬಿಗಿಯಾದ ಕಾನೂನು ತಂದರು. ಇವತ್ತು ಅಲ್ಲಿಯ ಒಳ್ಳೆಯ ವೈನಿನ ಶೀಷೆಯ ತಲೆಯ ಮೇಲೆ ಕೆಂಪು ಬಿಳಿ ಕೆಂಪು ಪಟ್ಟಿಯ ಗುರುತಿರುತ್ತದೆ, ಚೀಟಿಯ ಮೇಲೆ ಸರಕಾರದ ಪರೀಕ್ಷಾ ಸಂಖ್ಯೆ. ಆದರೆ ಕಾನೂನಿನಿಂದ ಕಲಬೆರಕೆ ನಿಲ್ಲಿಸಬಹುದು, ಹೋದ ಮಾನ ತರುವುದಕ್ಕಾಗುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು. ಕೆರೆಯ ಆಚೆ ದಡದ ಇಲ್‌ಮಿಟ್ಸ್ ಹಳ್ಳಿಯಲ್ಲಿ ಅಲೋಯಿಸ್ ಕ್ರಾಖರ್ ಎಂಬುವರಿದ್ದರು. ಮೊದಲು ರಸಾಯನಶಾಸ್ತ್ರದ ಕೆಲಸದಲ್ಲಿದ್ದವರು, ತಂದೆಯ ತೋಟಕ್ಕೆ ಮರಳಿದರು. ಎಲ್ಲರೂ ಆಸ್ಟ್ರಿಯಾದ ಸಿಹಿ ವೈನಿಗೆ ಮೂಗುಮುರಿಯುತ್ತಿದ್ದ ಕಾಲದಲ್ಲಿ ತಮ್ಮ ಶೀಷೆಗಳನ್ನು ಲಂಡನ್ನಿಗೂ ಅಮೆರಿಕಕ್ಕೂ ಹೊತ್ತು, ಫ್ರಾನ್ಸಿನ ಹೆಸರಾಂತ ವೈನುಗಳ ಪಕ್ಕದಲ್ಲಿಟ್ಟು ರುಚಿ ನೋಡಿ ಎಂದರು. ಜಗತ್ತು ರುಚಿ ನೋಡಿ ಒಪ್ಪಿತು. 2007ರಲ್ಲಿ 48ನೆಯ ವಯಸ್ಸಿಗೇ ಅವರು ತೀರಿಕೊಂಡರು. ಈಗ ಮಗ ಗೆರ್‌ಹಾರ್ಡ್ ಮನೆಯ ಕೆಲಸ ನಡೆಸುತ್ತಿದ್ದಾರೆ.

ರುಸ್ಟಿನಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬ ಹೆಣ್ಣುಮಗಳಿದ್ದಾರೆ, ಹೈಡಿ ಶ್ರೋಕ್. 1980ರ ದಶಕದಲ್ಲಿ ಮನೆತನದ ತೋಟ ವಹಿಸಿಕೊಂಡು, ಊರಿನಲ್ಲಿ ಅಳಿದೇಹೋಗಿದ್ದ ಫುರ್ಮಿಂಟ್ ಬಳ್ಳಿಯನ್ನು ಮತ್ತೆ ನೆಟ್ಟು ಬೆಳೆಸಿದವರಲ್ಲಿ ಇವರೂ ಒಬ್ಬರು. 1991ರಲ್ಲಿ ಊರಿನ ಬೆಳೆಗಾರರು ಸೇರಿ ಆಸ್‌ಬ್ರುಖ್‌ಗಾಗಿಯೇ ಒಂದು ಸಂಘ ಕಟ್ಟಿಕೊಂಡರು. ಇಂಥ ಶೀಷೆಯ ಮೇಲೆ ಸಾಮಾನ್ಯವಾಗಿ "ತಂದೆ ಮತ್ತು ಮಕ್ಕಳು" ಅಂತ ಇರುತ್ತದೆ. ಶ್ರೋಕ್ ಅವರ ಶೀಷೆಯ ಮೇಲೆ ತಾಯಿಯ ಹೆಸರು ಮೊದಲು, ಆಮೇಲೆ "ಮತ್ತು ಗಂಡುಮಕ್ಕಳು"! ನೋಡಿ ನನಗೆ ಎಷ್ಟು ಖುಷಿಯಾಯಿತು ಅಂತೀರಿ.

ಈಗಿನ ಚಿಂತೆ

ಹೋದ ಮಾನವೇನೋ ಬಂತು. ಈಗ ಕೆರೆಯೇ ಕೈಕೊಡುತ್ತದೋ ಎಂಬ ಭಯ. ಮಳೆ ಬಿಟ್ಟರೆ ಇದಕ್ಕೆ ಹೆಚ್ಚಿನ ನೀರಿನ ಆಸರೆಯಿಲ್ಲ. 1865ರ ಸುಮಾರಿಗೆ ಪೂರ್ತಿ ಒಣಗಿ ಕೆಲವು ವರ್ಷ ಬರೀ ನೆಲವಾಗಿತ್ತಂತೆ. 2022ರಲ್ಲಿ ಮತ್ತೆ ನೀರು ತೀರ ಇಳಿದು ದೋಣಿಗಳು ಕೆಸರಿನಲ್ಲಿ ಕೂತವು. ಕೆರೆಯಿಲ್ಲದಿದ್ದರೆ ಮಂಜಿಲ್ಲ, ಮಂಜಿಲ್ಲದಿದ್ದರೆ ಬೂಷ್ಟಿಲ್ಲ, ಬೂಷ್ಟಿಲ್ಲದಿದ್ದರೆ ಆಸ್‌ಬ್ರುಖ್ ಇಲ್ಲ. ಚಳಿಯೂ ಮೊದಲಿನಂತಿಲ್ಲವಾಗಿ ಐಸ್‌ವೈನ್ ಕೆಲವು ವರ್ಷ ಸಿಗುವುದೇ ಕಷ್ಟ. ನಮ್ಮ ಊರ ಕೆರೆಗಳ ಕತೆ ಬಲ್ಲ ನಿಮಗೆ ಇದರ ಸಂಕಟವನ್ನು ನಾನು ವಿವರಿಸಬೇಕೇ?

ನಿಮ್ಮ ಅಡಿಗೆಮನೆಗೆ: ಗಸಗಸೆಯ ಮೋನ್‌ನೂಡೆಲ್

ವೈನನ್ನು ಅಲ್ಲಿಯೇ ಬಿಟ್ಟು ಬಂದೆ. ಆದರೆ ಒಂದು ತಿಂಡಿಯನ್ನು ಮಾತ್ರ ಕಲಿತು ಬಂದಿದ್ದೇನೆ. ಆಸ್ಟ್ರಿಯಾದವರಿಗೆ ಗಸಗಸೆ ಅಂದರೆ ಪ್ರಾಣ. ಅವರದು ಕಪ್ಪು ನೀಲಿ ಬಣ್ಣದ್ದು, ನಮ್ಮ ಬಿಳಿಯದರಿಂದಲೂ ಚೆನ್ನಾಗಿಯೇ ಆಗುತ್ತದೆ. ಕೆಲವರು ಮೊಟ್ಟೆ ಹಾಕುತ್ತಾರೆ, ನಾನು ಹಾಕದೆ ಮಾಡಿದೆ.

ಬೇಕಾಗುವ ಸಾಮಾನು: ಆಲೂಗಡ್ಡೆ ಅರ್ಧ ಕಿಲೋ, ಮೈದಾ 150 ಗ್ರಾಂ, ಸಣ್ಣ ರವೆ 2 ದೊಡ್ಡ ಚಮಚ, ಬೆಣ್ಣೆ 100 ಗ್ರಾಂ, ಗಸಗಸೆ 100 ಗ್ರಾಂ, ಸಕ್ಕರೆ ಪುಡಿ 60 ಗ್ರಾಂ, ಚಿಟಿಕೆ ಉಪ್ಪು.

ಮಾಡುವ ವಿಧಾನ: ಆಲೂಗಡ್ಡೆಯನ್ನು ಸಿಪ್ಪೆಯೊಂದಿಗೆ ಬೇಯಿಸಿ, ಸುಲಿದು, ಬಿಸಿಯಿರುವಾಗಲೇ ಗಂಟಿಲ್ಲದಂತೆ ಮಸೆಯಿರಿ. ಆರಿದ ಮೇಲೆ ಮೈದಾ, ರವೆ, ಉಪ್ಪು, ಎರಡು ಚಮಚ ಬೆಣ್ಣೆ ಸೇರಿಸಿ ಮೆತ್ತಗೆ ಕಲಸಿ. ಹೆಚ್ಚು ನಾದಬೇಡಿ, ಅಂಟಾಗುತ್ತದೆ. ಹಿಟ್ಟನ್ನು ಕಿರುಬೆರಳ ಗಾತ್ರಕ್ಕೆ ಹೊಸೆದು, ಎರಡು ತುದಿ ಚೂಪು ಮಾಡಿ. ಉಪ್ಪು ಹಾಕಿದ ನೀರು ಕುದಿಯುವಾಗ ಹಾಕಿ ಉರಿ ಸಣ್ಣ ಮಾಡಿ. ನಾಲ್ಕೈದು ನಿಮಿಷದಲ್ಲಿ ಮೇಲೆ ತೇಲುತ್ತವೆ, ಆಗ ಜಾಲರಿ ಸೌಟಿನಿಂದ ತೆಗೆಯಿರಿ. ಗಸಗಸೆಯನ್ನು ನೀರು ಹಾಕದೆ ಪುಡಿಮಾಡಿಕೊಳ್ಳಿ. ಬಾಣಲೆಯಲ್ಲಿ ಉಳಿದ ಬೆಣ್ಣೆ ಕರಗಿಸಿ, ಬೆಂದದ್ದನ್ನು ಹಾಕಿ ಹೊರಳಿಸಿ, ಕೆಳಗಿಳಿಸಿ ಗಸಗಸೆ ಮತ್ತು ಸಕ್ಕರೆ ಉದುರಿಸಿ. ಬಿಸಿಬಿಸಿಯಾಗಿ ಬಡಿಸಿ. ಗಸಗಸೆ ಹೊಸದಾಗಿರಲಿ, ಹಳೆಯದಾದರೆ ಕಮಟು ವಾಸನೆ ಬರುತ್ತದೆ.

ಹೋಗುವವರಿಗೆ

ಈಗ ಎಷ್ಟೋ ಮನೆಗಳ ಮಕ್ಕಳು ಯೂರೋಪಿನಲ್ಲಿದ್ದಾರೆ. ನೀವೂ ಹೋಗಬಹುದು. ಕೊಕ್ಕರೆ ನೋಡಬೇಕಾದರೆ ಏಪ್ರಿಲ್‌ನಿಂದ ಆಗಸ್ಟ್ ಒಳಗೆ, ಕುಯ್ಲು ನೋಡಬೇಕಾದರೆ ಅಕ್ಟೋಬರಿನಲ್ಲಿ ಹೋಗಿ. ವಿಯೆನ್ನಾದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ಬೆಳೆಗಾರರ ಮನೆಯ ಬಾಗಿಲಿಗೆ ಹಸಿರು ಸೊಪ್ಪಿನ ಗೊಂಚಲು ಕಟ್ಟಿದ್ದರೆ ಒಳಗೆ ಊಟ, ವೈನು ಸಿಗುತ್ತದೆಂದು ಅರ್ಥ. ತಣ್ಣನೆಯ ಮಾಂಸವೇ ಹೆಚ್ಚು, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ. ರೊಟ್ಟಿ, ಚೀಸು, ಬಗೆಬಗೆಯ ಹಣ್ಣಿನ ಸಿಹಿತಿಂಡಿಗಂತೂ ಮೋಸವಿಲ್ಲ.

ಕುಡಿಯದವರು ಸಂಕೋಚಪಡಬೇಕಾಗಿಲ್ಲ. "ಟ್ರೌಬೆನ್‌ಸಾಫ್ಟ್" ಎಂದು ಕೇಳಿ, ಹುದುಗು ಬರಿಸದ ಅಪ್ಪಟ ದ್ರಾಕ್ಷಿರಸ ಕೊಡುತ್ತಾರೆ. ಆದರೆ ಹೆಸರಲ್ಲಿ ಒಂದು ಎಚ್ಚರ ಬೇಕು. ಕುಯ್ಲಿನ ಕಾಲದಲ್ಲಿ "ಸ್ಟುರ್ಮ್" ಎಂಬ ಮೊಸರು ಬಣ್ಣದ ಸಿಹಿ ಪಾನೀಯವನ್ನೂ ಇಟ್ಟಿರುತ್ತಾರೆ. ನೋಡಲು ಹಣ್ಣಿನ ರಸದಂತಿದ್ದರೂ ಅದು ಅರ್ಧ ಹುದುಗು ಬಂದ ಹೊಸ ವೈನು. ಮಕ್ಕಳ ಕೈಗೆ ಮಾತ್ರ ಕೊಟ್ಟುಬಿಡಬೇಡಿ!